ಬ್ರೇಕಿನ ಬಗ್ಗೆ ಇಪ್ಪತ್ತು ನಿಮಿಷ

ವಾದದಲ್ಲಿ ಗೆಲ್ಲುವುದೂ ಒಂದು ಚಟವೇ. ಬೀಡಿ ಸಿಗರೇಟಿನ ಪೊಟ್ಟಣದ ಮೇಲಾದರೂ ಎಚ್ಚರಿಕೆಯ ಒಂದು ಸಾಲು ಇರುತ್ತದೆ. ಈ ಚಟಕ್ಕೆ ಮಾತ್ರ ಶಾಲು ಹೊದಿಸಿ, ಪಾರಿತೋಷಕ ಕೊಟ್ಟು, ಕಾಲೇಜಿನ ನೋಟೀಸು ಬೋರ್ಡಿನಲ್ಲಿ ಹೆಸರು ಬರೆದು ಪ್ರೋತ್ಸಾಹಿಸುತ್ತಾರೆ. ಅರಸೀಕೆರೆಯಲ್ಲಿ ಬಿ.ಎ. ಓದಿದ ಮೂರು ವರ್ಷವೂ ನಾನು ಚರ್ಚಾಸ್ಪರ್ಧೆಗಳಿಗೆ ಹೋದವನು. ವಿಜ್ಞಾನ ವರವೋ ಶಾಪವೋ ಎಂಬ ವಿಷಯದ ಮೇಲೆ ಹಾಸನದಲ್ಲಿ ವರ ಎಂದೂ ತಿಪಟೂರಿನಲ್ಲಿ ಶಾಪ ಎಂದೂ ವಾದಿಸಿ, ಎರಡು ಕಡೆಯಿಂದಲೂ ಒಂದೇ ಅಳತೆಯ ಸ್ಟೀಲ್ ಡಬ್ಬಿ ಗೆದ್ದು ತಂದಿದ್ದೆ. ಅವ್ವ ವರದಲ್ಲಿ ಉಪ್ಪು, ಶಾಪದಲ್ಲಿ ಸಕ್ಕರೆ ತುಂಬಿಸಿಟ್ಟಿದ್ದಳು. ಇಂಥವನಿಗೆ ಒಂದು ಸಂಗತಿ ನಿಜವೋ ಸುಳ್ಳೋ ಎನ್ನುವುದಕ್ಕಿಂತ ಅದರ ಪರವಾಗಿ ಎಷ್ಟು ಅಂಶ ಸಿಗುತ್ತದೆ ಎನ್ನುವುದೇ ಮುಖ್ಯವಾಗಿಬಿಡುತ್ತದೆ. ದೆವ್ವ, ಜಾತಕ, ರಾಹುಕಾಲ ಯಾವುದನ್ನೂ ನಂಬದ ನಾನು ಒಂದನ್ನು ಮಾತ್ರ ಗಟ್ಟಿಯಾಗಿ ನಂಬಿದ್ದೆ. ಎದುರಿಗಿದ್ದವರು ಬಾಯಿ ಮುಚ್ಚಿದರೆ ನಾನು ಹೇಳಿದ್ದು ಸರಿ ಎಂದು ಅರ್ಥ. ಈ ಮೂಢನಂಬಿಕೆ ಒಂದು ಬೆಳಿಗ್ಗೆ ನನ್ನನ್ನು ಹಳೇಬೀಡಿನಿಂದ ಬಿಕ್ಕೋಡಿನ ದಾರಿಯವರೆಗೆ ಜೀವ ಕೈಯಲ್ಲಿ ಹಿಡಿದು ಓಡಿಸಿತು. ನನ್ನ ಜೀವವಲ್ಲ, ಅಪ್ಪನದು.

ಅಪ್ಪ ಹಳೇಬೀಡಿನ ಪಶು ಆಸ್ಪತ್ರೆಯಲ್ಲಿ ಸಹಾಯಕರು. ಸುತ್ತಲ ಹಳ್ಳಿಯವರ ಬಾಯಲ್ಲಿ ಡಾಕ್ಟ್ರು. ಮೊದಮೊದಲು "ನಾನು ಡಾಕ್ಟ್ರಲ್ಲ" ಎಂದು ತಿದ್ದುತ್ತಿದ್ದರಂತೆ. ಹಸುವಿಗೆ ವಾಸಿಯಾದ ಮೇಲೆ ಯಾರು ಕೇಳುತ್ತಾರೆ? ಅವರ ಮುಖ್ಯ ಕೆಲಸ ಬೆದೆಗೆ ಬಂದ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು. ಅದಕ್ಕೆ ಬೇಕಾದ ವೀರ್ಯದ ಕಡ್ಡಿಗಳನ್ನು ದ್ರವ ಸಾರಜನಕ ತುಂಬಿದ ಒಂದು ಅಲ್ಯೂಮಿನಿಯಂ ಕ್ಯಾನಿನಲ್ಲಿ ಇಟ್ಟುಕೊಂಡು ತಿರುಗಬೇಕು. ಮುಚ್ಚಳ ಎತ್ತಿದರೆ ಬೆಳ್ಳಗೆ ಹೊಗೆ ಬರುವುದರಿಂದ ಜನ ಅದನ್ನು ಹೊಗೆ ಡಬ್ಬ ಎನ್ನುತ್ತಾರೆ. ಈ ಹೊಗೆ ಡಬ್ಬ ಹೊರುವ ಭಾಗ್ಯ ಪಡೆದದ್ದು ಅಪ್ಪನ ಅರವತ್ತು ಸಿಸಿಯ, ಎರಡು ಸ್ಟ್ರೋಕಿನ ಪುಟ್ಟ ಬೈಕು. ಸಮತಟ್ಟಾದ ದಾರಿಯಲ್ಲಿ ಅದು ಜೇನುಹುಳದ ಹಾಗೆ ಗುಂಯ್ ಎನ್ನುತ್ತಾ ಹೋಗುತ್ತಿತ್ತು. ಏರು ಕಂಡರೆ ಮಾತ್ರ ಸೊಳ್ಳೆಯಾಗಿ, ಆಮೇಲೆ ಮೌನವಾಗಿಬಿಡುತ್ತಿತ್ತು. ಆಗ ಅಪ್ಪ ಇಳಿದು ತಳ್ಳಬೇಕು. ಒಮ್ಮೆ ಹೀಗೆ ತಳ್ಳುವಾಗ ಮುಚ್ಚಳ ಅಲುಗಿ ಹೊಗೆ ಎದ್ದು, ಗದ್ದೆಯಲ್ಲಿದ್ದವರು ಡಾಕ್ಟ್ರ ಗಾಡಿಗೆ ಬೆಂಕಿ ಬಿತ್ತು ಎಂದು ಕೊಡಪಾನದಲ್ಲಿ ನೀರು ತಂದು ಅಪ್ಪನ ಮೇಲೆ ಸುರಿದಿದ್ದರು. ಹಸುವಿನ ಬೆದೆಯಾದರೋ ಯಾರಿಗೂ ಕಾಯುವುದಿಲ್ಲ. ಅದು ಬೆಳಿಗ್ಗೆ ಬಂದು ಸಂಜೆಗೆ ಇಳಿಯಬಹುದು. ಅಪ್ಪ ಏರು ತಳ್ಳಿ, ಬೆವರು ಒರೆಸಿಕೊಂಡು ಹಟ್ಟಿ ಮುಟ್ಟುವ ಹೊತ್ತಿಗೆ ಎಷ್ಟೋ ಹಸುಗಳು ಮನಸ್ಸು ಬದಲಾಯಿಸಿ ಮೇವು ತಿನ್ನುತ್ತಾ ನಿಂತಿರುತ್ತಿದ್ದವು.

ಎಂಜಿನ್ ಬದಲಾಯಿಸಬೇಕು ಎಂಬ ಗೊತ್ತುವಳಿಯನ್ನು ಮನೆಯಲ್ಲಿ ಮಂಡಿಸಿದ್ದು ನಾನೇ. ಅಪ್ಪನ ಕಷ್ಟ ನೋಡಲಾಗದೆ ಎಂದು ಹೇಳಿದೆ. ಅದು ಅರ್ಧ ಸತ್ಯ. ಇನ್ನರ್ಧ ಏನೆಂದರೆ, ಭಾನುವಾರಗಳಲ್ಲಿ ಆ ಬೈಕನ್ನು ನಾನು ಓಡಿಸುತ್ತಿದ್ದೆ, ಮತ್ತು ದೇವಸ್ಥಾನದ ಮುಂದೆ ನಿಂತ ಪ್ರವಾಸಿ ಹುಡುಗಿಯರ ಎದುರು ಅದು ನನ್ನನ್ನು ಹೊತ್ತುಕೊಂಡು ಸೊಳ್ಳೆಯಾಗುತ್ತಿತ್ತು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ. ಅಪ್ಪ ಆ ಪಟದಿಂದ ಸುಮ್ಮನಿರುವುದನ್ನು ಕಲಿತರು. ನಾನು ಅದರ ಕೆಳಗೇ ಕೂತು, ಯಾರು ಹೇಳಿದರೂ ಪರೀಕ್ಷಿಸದೆ ಒಪ್ಪಬೇಡ ಎಂಬ ಒಂದೇ ಮಾತನ್ನು ಹಿಡಿದುಕೊಂಡು, ನಾನು ಹೇಳುವುದನ್ನು ಬಿಟ್ಟು ಉಳಿದದ್ದನ್ನೆಲ್ಲ ಪರೀಕ್ಷಿಸುತ್ತಾ ಬೆಳೆದೆ. ಮೂರು ಸಂಜೆ ಮಾತಾಡಿದೆ. ಅಪ್ಪ ಮೂರು ಸಂಜೆಯೂ ಕೇಳಿದರು. ನಾಲ್ಕನೆಯ ಸಂಜೆ "ಆಯ್ತು, ಮಾಡ್ಸು" ಎಂದು, ಎಂಜಿನ್ ನಂಬರು ಬದಲಾಗುವುದರಿಂದ ಸಾರಿಗೆ ಕಚೇರಿಗೆ ಕೊಡಬೇಕಾದ ಅರ್ಜಿಯನ್ನು ದುಂಡು ಅಕ್ಷರದಲ್ಲಿ ಬರೆದಿಟ್ಟರು. ಸರಕಾರಿ ನೌಕರ, ಕೆಲಸ ಆಗುವ ಮೊದಲೇ ಅರ್ಜಿ ತಯಾರು.

ಅರಸೀಕೆರೆಯ ರೈಲ್ವೆ ನಿಲ್ದಾಣದ ಹಿಂದಿನ ಓಣಿಯಲ್ಲಿ ರುದ್ರಣ್ಣನ ಗ್ಯಾರೇಜು. ವಯಸ್ಸು ಐವತ್ತು ದಾಟಿದ ಆಸಾಮಿ. ಮಾತು ಕಡಿಮೆ, ಸ್ಪ್ಯಾನರಿನಲ್ಲಿ ಬಡಿದು ಶಬ್ದ ಕೇಳಿಯೇ ಎಂಜಿನ್ನಿನ ಯೋಗಕ್ಷೇಮ ಹೇಳುವವನು. ಅವನ ಗ್ಯಾರೇಜಿನ ಮೂಲೆಯಲ್ಲಿ, ಮರಕ್ಕೆ ಗುದ್ದಿ ಮುಂಭಾಗವೆಲ್ಲ ನುಗ್ಗುನುರಿಯಾದ ಒಂದು ನೂರು ಸಿಸಿಯ ಬೈಕು ಬಿದ್ದಿತ್ತು. ಮುಂದಿನ ಚಕ್ರ ಹಪ್ಪಳ. ಎಂಜಿನ್ ಮಾತ್ರ ಗುಂಡುಕಲ್ಲಿನ ಹಾಗಿತ್ತು. ಅದನ್ನು ನಮ್ಮ ಬೈಕಿಗೆ ಕೂರಿಸಿ ಎಂದೆ. ರುದ್ರಣ್ಣ ನನ್ನನ್ನೂ ಬೈಕನ್ನೂ ನೋಡಿ, ಎಂಜಿನ್ ಕೂರಿಸಬಹುದು, ಫ್ರೇಮಿಗೆ ಹೊಸ ಪಟ್ಟಿ ಬೆಸೆದು ಬೋಲ್ಟ್ ಹಾಕಬಹುದು, ಚೈನು ನೇರ ಬರುವಂತೆ ಮಾಡಬಹುದು, ಆದರೆ ಬ್ರೇಕು ಹಳೆಯ ಅರವತ್ತು ಸಿಸಿಯದೇ ಉಳಿಯುತ್ತದಲ್ಲ ಎಂದ. ಆ ಡ್ರಮ್ಮು ನೋಡಿದರೆ ಕಾಫಿ ಲೋಟದ ಅಡಿಯಷ್ಟಿದೆ. ದೊಡ್ಡ ಗಾಡಿಯ ಮುಂದಿನ ಚಕ್ರ ಒಂದು ಸಿಗುವವರೆಗೆ ಕಾಯೋಣ, ವಾರ ಹತ್ತು ದಿನ ಆಗಬಹುದು ಎಂದ.

ನನಗೆ ಕಾಯುವುದು ಕಷ್ಟವಲ್ಲ. ಆದರೆ ಎದುರಿನವನು ಹೇಳಿದ್ದಕ್ಕೆ ಕಾಯುವುದು ಕಷ್ಟ. ನಾನು ಅಲ್ಲೇ ಟಯರಿನ ಮೇಲೆ ಕೂತು ಶುರುಮಾಡಿದೆ. ಬ್ರೇಕು ಹಿಡಿಯುವುದು ಯಾವುದನ್ನು? ಚಕ್ರವನ್ನು. ಎಂಜಿನ್ನನ್ನಲ್ಲ. ಚಕ್ರ ಬದಲಾಗಿದೆಯೇ? ಇಲ್ಲ. ಹಾಗಾದರೆ ನಿನ್ನೆಯವರೆಗೆ ಅದೇ ಚಕ್ರವನ್ನು ಹಿಡಿಯುತ್ತಿದ್ದ ಬ್ರೇಕು ನಾಳೆಯಿಂದ ಯಾಕೆ ಹಿಡಿಯಬಾರದು? ರುದ್ರಣ್ಣ ಕೈಯ ಗ್ರೀಸು ಒರೆಸಿಕೊಳ್ಳುತ್ತಾ ಯೋಚಿಸಿದ. ಎರಡು ಸ್ಟ್ರೋಕಿನ ಗಾಡಿ ಆಕ್ಸಿಲರೇಟರ್ ಬಿಟ್ಟರೂ ತೇಲುತ್ತಲೇ ಹೋಗುತ್ತದೆ, ಎಂಜಿನ್ನು ಎಳೆದು ಹಿಡಿಯುವುದಿಲ್ಲ, ನಿಲ್ಲಿಸುವುದೆಲ್ಲ ಬ್ರೇಕಿನ ಹಣೆಬರಹ ಎಂದು ಏನೋ ಹೇಳಲು ನೋಡಿದ. ನಾನು ಅದಕ್ಕೂ ಉತ್ತರ ಕೊಟ್ಟೆ. ಏನು ಕೊಟ್ಟೆನೋ ಈಗ ನೆನಪಿಲ್ಲ. ಚೆನ್ನಾಗಿತ್ತು ಎನ್ನುವುದು ಮಾತ್ರ ನೆನಪಿದೆ. ಕೊನೆಗೆ ಅವನು "ಮಾತಲ್ಲಿ ನಿನ್ನ ಗೆಲ್ಲಕ್ಕಾಗಕಿಲ್ಲ ಕಣಪ್ಪ. ಗಾಡಿ ಏನಂತದೋ ನೋಡಾನ" ಎಂದು ಕೆಲಸಕ್ಕೆ ಕೈಹಾಕಿದ. ನಾನು ಅದನ್ನು ಶರಣಾಗತಿ ಎಂದು ಬರೆದುಕೊಂಡೆ.

ರುದ್ರಣ್ಣನದು ಒಂದು ಪದ್ಧತಿ. ದೊಡ್ಡ ಕೆಲಸ ಮಾಡಿದ ಗಾಡಿಯನ್ನು ಹಾಗೇ ಕೊಡುವುದಿಲ್ಲ. ಹಿಂದಿನ ಸೀಟಿಗೆ ಒಂದು ಚೀಲ ಸುಲಿದ ತೆಂಗಿನಕಾಯಿ ಕಟ್ಟಿಕೊಂಡು ಬಾಣಾವರದವರೆಗೆ ತಾನೇ ಓಡಿಸಿ ಬರುತ್ತಾನೆ. ಮನುಷ್ಯರನ್ನು ಯಾಕೆ ಕೂರಿಸುವುದಿಲ್ಲ ಎಂದರೆ, ತೆಂಗಿನಕಾಯಿಗೆ ಹೆಂಡತಿ ಮಕ್ಕಳು ಇರುವುದಿಲ್ಲ ಎನ್ನುತ್ತಾನೆ. ಎಂಜಿನ್ ಕೂರಿಸಿದ ದಿನ ಹಾಗೆಯೇ ಚೀಲ ಕಟ್ಟಿಕೊಂಡು ಹೋದ. ಹೋಗುವಾಗ ಆ ಪುಟ್ಟ ಬೈಕು ಎದ್ದ ಶಬ್ದ ಕೇಳಿ ಓಣಿಯ ನಾಯಿಗಳೆಲ್ಲ ಎದ್ದು ನಿಂತವು. ನನ್ನ ಎದೆ ಉಬ್ಬಿತು. ಒಂದು ಗಂಟೆಯ ಮೇಲೆ ವಾಪಸು ಬಂದ. ಚೀಲದಲ್ಲಿ ಕಾಯಿ ಅರ್ಧ ಇರಲಿಲ್ಲ. ಮುಖದಲ್ಲಿ ರಕ್ತ ಅಷ್ಟೂ ಇರಲಿಲ್ಲ. ಬಾಣಾವರದ ಹತ್ತಿರ ರೈಲ್ವೆ ಗೇಟು ಹಾಕಿತ್ತಂತೆ. ದೂರದಿಂದಲೇ ನೋಡಿ ಎರಡು ಬ್ರೇಕನ್ನೂ ಒತ್ತಿದನಂತೆ. ಗಾಡಿ ನಿಂತದ್ದು ಮುಂದಿನ ಚಕ್ರ ಗೇಟಿನ ಕಂಬಿಗೆ ತಾಗಿದ ಮೇಲೆ. ಚೀಲ ಬಿಚ್ಚಿ ಕಾಯಿಗಳು ಅವನಿಗಿಂತ ಮುಂಚೆ ಹಳಿ ದಾಟಿದ್ದವು.

"ಅಂದರೆ ನಿಂತಿತು ತಾನೆ?" ಎಂದೆ ನಾನು.

ಬ್ರೇಕಿನ ಕೆಲಸ ನಿಲ್ಲಿಸುವುದು, ಅದು ನಿಲ್ಲಿಸಿದೆ, ಎಲ್ಲಿ ನಿಲ್ಲಿಸಿತು ಎನ್ನುವುದು ಎರಡನೆಯ ಪ್ರಶ್ನೆ ಎಂದು ನಾನು ವಿವರಿಸಿದೆ. ರುದ್ರಣ್ಣ ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಚಿ, ಚಕ್ರ ಬರುವವರೆಗೆ ಮೂವತ್ತರ ಮೇಲೆ ಹೋಗಬೇಡ, ಭಾರ ಹೇರಬೇಡ ಎಂದ. ಕೊನೆಗೆ ಒಂದು ಮಾತು ಹೇಳಿದ. "ನಿಮ್ಮಪ್ಪಾರಿಗೆ ಇದ್ದದ್ದು ಇದ್ದಂಗೆ ಹೇಳು. ಅದೊಂದು ನಡೆಸ್ಕೊಡು ಸಾಕು." ನಾನು ಹೂಂ ಎಂದೆ.

ಅರಸೀಕೆರೆಯಿಂದ ಹಳೇಬೀಡಿಗೆ ಬಂದ ಆ ಸಂಜೆಯ ಸವಾರಿಯಲ್ಲಿ ರುದ್ರಣ್ಣ ಹೇಳಿದ್ದರ ಒಂದೊಂದು ಅಕ್ಷರವೂ ನಿಜವೆಂದು ನನಗೆ ಗೊತ್ತಾಯಿತು. ಏರುಗಳಲ್ಲಿ ಬೈಕು ಹುಚ್ಚು ಹೋರಿಯ ಹಾಗೆ ನುಗ್ಗಿತು, ಸುಖವೆಂದರೆ ಸುಖ. ಜಾವಗಲ್ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ಕುರಿಮಂದೆ ಅಡ್ಡ ಬಂತು. ಬ್ರೇಕು ಒತ್ತಿದೆ. ಅದು ನನ್ನ ಅಭಿಪ್ರಾಯವನ್ನು ಗೌರವದಿಂದ ಕೇಳಿಸಿಕೊಂಡಿತು, ಅಷ್ಟೆ. ಎರಡೂ ಕಾಲನ್ನು ನೆಲಕ್ಕೆ ಊರಿ, ಚಪ್ಪಲಿ ಸವೆಸಿ, ಮಂದೆಯ ನಡುವೆ ಒಂದು ಕುರಿಯಾಗಿ ನಿಂತೆ. ಕುರುಬ ನನಗೆ ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಆದರೆ ಅದರಲ್ಲಿ ಖಂಡಿಸಲು ಏನೂ ಇರಲಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಅಪ್ಪ ಎಂಜಿನ್ ಹೇಗಿದೆ ಎಂದು ಕೇಳಿದರು. ಬಹಳ ಚೆನ್ನಾಗಿದೆ, ಏರು ಗೊತ್ತೇ ಆಗುವುದಿಲ್ಲ ಎಂದೆ. ಮುದ್ದೆ ಮುರಿಯುತ್ತಾ ಇನ್ನೊಂದು ಪ್ರಶ್ನೆ ಕೇಳಿದರು: "ಬ್ರೇಕು?"

ಇದ್ದದ್ದು ಇದ್ದಂತೆ ಹೇಳಲು ನಾಲ್ಕು ಶಬ್ದ ಸಾಕಿತ್ತು. ಬ್ರೇಕು ಸಾಲದು, ಗಾಡಿ ಓಡಿಸಬೇಡಿ. ಆದರೆ ಆ ನಾಲ್ಕು ಶಬ್ದ ಹೇಳಿದರೆ ರುದ್ರಣ್ಣನ ಎದುರು ಗೆದ್ದದ್ದೂ, ಅಪ್ಪನ ಎದುರು ಮೂರು ಸಂಜೆ ಗೆದ್ದದ್ದೂ ಒಟ್ಟಿಗೆ ವಾಪಸು ಹೋಗುತ್ತಿತ್ತು. ನನ್ನ ಬಾಯಿ ತಾನಾಗಿಯೇ ತೆರೆದುಕೊಂಡಿತು. ಬ್ರೇಕು ಹಿಡಿಯುವುದು ಯಾವುದನ್ನು? ಚಕ್ರವನ್ನು. ಅಲ್ಲಿಂದ ಹೊರಟು ಘರ್ಷಣೆಯ ನಿಯಮ, ಸವಾರನ ಜವಾಬ್ದಾರಿ, ಭಯ ಎನ್ನುವುದು ಹೇಗೆ ಮನಸ್ಸಿನ ಅಭ್ಯಾಸ, ಎಲ್ಲವನ್ನೂ ಮುಟ್ಟಿ ಬಂದೆ. ಕಾಲೇಜಿನಲ್ಲಾದರೆ ನಾಲ್ಕನೆಯ ನಿಮಿಷಕ್ಕೆ ಎಚ್ಚರಿಕೆಯ ಗಂಟೆ ಬಾರಿಸುತ್ತಾರೆ. ಮನೆಯಲ್ಲಿ ಗಂಟೆ ಇಲ್ಲ. ಅವ್ವ ಸಾರು ಬಡಿಸಲು ಬಂದವಳು ಸೌಟು ಹಿಡಿದೇ ನಿಂತಿದ್ದಳು. ಅಪ್ಪ ಊಟ ಮುಗಿಸಿ, ತಟ್ಟೆಯ ಅಂಚನ್ನು ಬೆರಳಲ್ಲಿ ಬಳಿದು, ಸರಿ ಎಂದು ಕೈ ತೊಳೆಯಲು ಎದ್ದರು. ಬೆಳಿಗ್ಗೆ ಎದ್ದ ಕೂಡಲೇ ಹೇಳಿಬಿಡುತ್ತೇನೆ ಎಂದು ನನಗೆ ನಾನೇ ಮಾತು ಕೊಟ್ಟು ಮಲಗಿದೆ. ನನಗೆ ನಾನು ಕೊಡುವ ಮಾತುಗಳಿಗೆ ತೀರ್ಪುಗಾರರು ಇರುವುದಿಲ್ಲವಾದ್ದರಿಂದ ಏಳುವಾಗ ಆರೂವರೆ.

ಬೈಕು ಇರಲಿಲ್ಲ. ಹೊಗೆ ಡಬ್ಬವೂ ಇರಲಿಲ್ಲ. ಅವ್ವ ಬಾಗಿಲಿಗೆ ನೀರು ಹಾಕುತ್ತಾ, ಹಗರೆಯಲ್ಲಿ ಯಾರದೋ ಹಸು ಬೆದೆಗೆ ಬಂದಿದೆಯಂತೆ, ಅಪ್ಪ ಐದೂವರೆಗೇ ಹೋದರು ಎಂದಳು. "ಅಲ್ಲಿಂದ ಬೇಲೂರಿಗೆ ಹೋಗಿ ಡಬ್ಬ ತುಂಬಿಸ್ಕೊಂಡು ಬಿಕ್ಕೋಡಿಗೆ ಹೋಯ್ತಾರಂತೆ. ಅಲ್ಲಿ ಕೆಲ್ಸದೋರು ರಜ ಹಾಕವ್ರಂತೆ. ಯಾಕ್ಲಾ, ಹಂಗ್ಯಾಕೆ ನೋಡ್ತಿ?"

ನಾನು ಹೇಗೆ ನೋಡುತ್ತಿದ್ದೆನೋ ಗೊತ್ತಿಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ಬಿಕ್ಕೋಡಿನ ದಾರಿ. ಹಗರೆಯವರೆಗೆ ಸಣ್ಣಪುಟ್ಟ ಇಳಿಜಾರು. ಬೇಲೂರು ದಾಟಿದ ಮೇಲೆ ಕಾಫಿ ತೋಟಗಳ ನಡುವೆ ದಾರಿ ಏರಿ ಇಳಿದು ತಿರುಗುತ್ತದೆ. ತುಂಬಿದ ಡಬ್ಬದ ಭಾರ ಬೇರೆ. ಆ ಡಬ್ಬದೊಳಗಿನದು ಚರ್ಮಕ್ಕೆ ಬಿದ್ದರೆ ಸುಟ್ಟ ಹಾಗೆ ಆಗುತ್ತದೆ ಎಂದು ಚಿಕ್ಕಂದಿನಿಂದ ನನ್ನನ್ನು ಅದರ ಹತ್ತಿರ ಬಿಟ್ಟಿರಲಿಲ್ಲ. ಜೀವನದಲ್ಲಿ ಮೂವತ್ತೈದು ದಾಟಿ ಗಾಡಿ ಓಡಿಸದ ಮನುಷ್ಯನ ಕೈಗೆ ಹೋರಿ ಕೊಟ್ಟು, ಮೂಗುದಾರ ಮಾತ್ರ ನಾನು ಇಟ್ಟುಕೊಂಡಿದ್ದೆ. ಆಗ ಮೊಬೈಲು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. ಬಸ್‌ಸ್ಟ್ಯಾಂಡಿನ ಬೂತಿನಿಂದ ಬೇಲೂರಿನ ಪಶು ಆಸ್ಪತ್ರೆಗೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ. ಹಗರೆ ಬಸ್ಸು ಹೊರಟಿತ್ತು, ಓಡಿ ಹತ್ತಿದೆ.

ಹಗರೆಯಲ್ಲಿ ಹಸು ಬೆದೆಗೆ ಬಂದ ಮನೆ ಹುಡುಕುವುದು ಸುಲಭ. ಕೂಗು ಕೇಳಿಸುವ ಕಡೆ ಹೋದರಾಯಿತು. ಆದರೆ ಹಸು ಆಗಲೇ ಸುಮ್ಮನಾಗಿತ್ತು. ಯಜಮಾನ ಕರಿಗೌಡರು ಹಾಲಿನ ಕ್ಯಾನು ತೊಳೆಯುತ್ತಾ ಕೂತಿದ್ದರು. ನನ್ನನ್ನು ಗುರುತಿಸಿ ಮುಖ ಅರಳಿಸಿದರು. "ನಿಮ್ಮಪ್ಪಾರು ಬಂದು ಹೋಗಿ ಆಯ್ತಲ್ಲಪ್ಪ. ಈಟು ವರ್ಸದಲ್ಲಿ ನಮ್ಮ ಹಸಕ್ಕಿಂತ ಮುಂಚೆ ಡಾಕ್ಟ್ರು ತಯಾರಾಗಿದ್ದು ಇದೇ ಮೊದ್ಲು." ಏರಿನಲ್ಲಿ ಬಂದ ರಭಸ ನೋಡಿ ಕೋಳಿಗಳು ಅಟ್ಟ ಹತ್ತಿದ್ದು, ಅದು ಯಾವ ಎಂಜಿನ್ನು ಎಂದು ತಾವು ಕೇಳಿದ್ದು, ಮಗ ಹಾಕಿಸಿದ್ದು ಎಂದು ಅಪ್ಪ ಹೇಳಿದ್ದು, ಇವನ್ನೆಲ್ಲ ಅವರು ನಿಧಾನವಾಗಿ ಹೇಳುತ್ತಿದ್ದರು. ಕಾಫಿ ಕುಡಿದು ಹೋಗು ಎಂದವರ ಕೈಯಿಂದ ಬಿಡಿಸಿಕೊಂಡು ಮುಖ್ಯ ರಸ್ತೆಗೆ ಓಡಿದೆ.

ಬೇಲೂರಿನ ಬಸ್ಸಿನಲ್ಲಿ ಕಂಡಕ್ಟರು ಪರಿಚಯದವರೇ. ಟಿಕೆಟ್ಟು ಹರಿಯುವ ಮೊದಲು ಸುದ್ದಿ ಹರಿದರು. ಹೋದ ಟ್ರಿಪ್ಪಿನಲ್ಲಿ ಅಪ್ಪ ಏರಿನಲ್ಲಿ ತಮ್ಮ ಬಸ್ಸನ್ನೇ ಹಿಂದೆ ಹಾಕಿದರಂತೆ. ಡ್ರೈವರಿಗೆ ಅವಮಾನವಾಗಿ ಮುಂದಿನ ಸ್ಟಾಪಿನವರೆಗೆ ಮಾತಾಡಲಿಲ್ಲವಂತೆ. ಏರಾಯಿತು, ಆಮೇಲೆ ಇಳಿಜಾರಿನಲ್ಲಿ ಏನಾಯಿತು ಎಂದು ಕೇಳಿದೆ. ಅಲ್ಲಿ ಬಸ್ಸು ಮುಂದೆ ಹೋಯಿತು, ಆಮೇಲೆ ಕಾಣಲಿಲ್ಲ ಎಂದರು. ಕಾಣಲಿಲ್ಲ ಎಂದರೆ? ಕಾಣಲಿಲ್ಲ ಎಂದರೆ ಕಾಣಲಿಲ್ಲ ಕಣ್ರೀ ಎಂದರು. ನಾನು ಕಿಟಕಿಗೆ ಮುಖ ಒತ್ತಿ ಒಂದೊಂದು ಹಳ್ಳ, ಒಂದೊಂದು ಮೋರಿ ನೋಡುತ್ತಾ ಹೋದೆ. ದಾರಿಯಲ್ಲಿ ಯಾವುದೋ ಗುಡಿ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಕೈ ಮುಗಿದರು. ನನ್ನ ಕೈಯೂ ಎದ್ದಿತ್ತು. ಮೇಲಿನ ಕಂಬಿ ಹಿಡಿಯಲೆಂದು ಎತ್ತಿದ್ದು ಎಂದು ನಾನು ಈಗಲೂ ವಾದಿಸಬಲ್ಲೆ; ಆದರೆ ಎರಡೂ ಕೈ ಯಾಕೆ ಎಂದು ಯಾರಾದರೂ ಕೇಳಿದರೆ ಕಷ್ಟ.

ಬೇಲೂರಿನ ಆಸ್ಪತ್ರೆಯಲ್ಲಿ ಅಟೆಂಡರ್ ನಂಜಮ್ಮ ಅಂಗಳ ಗುಡಿಸುತ್ತಿದ್ದರು. ಅಪ್ಪ ಬಂದು, ಡಬ್ಬ ತುಂಬಿಸಿಕೊಂಡು, ಹೊರಟು ಇನ್ನೂ ಅರ್ಧ ಗಂಟೆಯಾಗಿಲ್ಲ. ನನ್ನ ಉಸಿರು ಅರ್ಧ ಬಂತು. ಬಿಕ್ಕೋಡಿನ ದಾರಿಯಲ್ಲಿ ಎಲ್ಲೆಲ್ಲಿ ಇಳಿಜಾರಿದೆ, ಎಷ್ಟೆಷ್ಟು ಉದ್ದ ಎಂದು ಕೇಳಿ ಚೀಟಿಯಲ್ಲಿ ಬರೆದುಕೊಂಡು ಹೋದರು ಎಂದು ನಂಜಮ್ಮ ಹೇಳಿದರು. ಬಂದ ಅರ್ಧ ಉಸಿರೂ ಹೋಯಿತು. ಇಳಿಜಾರನ್ನು ಯಾರಾದರೂ ಯಾಕೆ ಬರೆದುಕೊಳ್ಳುತ್ತಾರೆ? ವೇಗದ ಹುಚ್ಚು ಹಿಡಿದರೆ ಮಾತ್ರ. ಐವತ್ತೆರಡನೆಯ ವಯಸ್ಸಿನಲ್ಲಿ ಅಪ್ಪನಿಗೆ ನಾನು ಹುಚ್ಚು ಹಿಡಿಸಿದ್ದೆ.

ಬಿಕ್ಕೋಡಿಗೆ ಹೋಗುವ ಬಾಡಿಗೆ ಜೀಪು ಸ್ಟ್ಯಾಂಡಿನಲ್ಲಿತ್ತು. ಹಿಂದೆ ಎಸ್ಟೇಟಿಗೆ ಹೋಗುವ ಹೆಂಗಸರು ಎಂಟು ಜನ. ಹನ್ನೆರಡು ಜನವಾಗದೆ ಹೊರಡುವುದಿಲ್ಲ ಎಂದ ಡ್ರೈವರು. ತುರ್ತು ಎಂದರೇನು, ಲಾಭ ಎಂದರೇನು, ಎಂಟು ಜನರ ಸಮಯಕ್ಕೆ ಬೆಲೆ ಎಷ್ಟು ಎಂದು ನಾನು ಅಂಶ ಅಂಶವಾಗಿ ಹೇಳತೊಡಗಿದೆ. ಅವನು ಬೀಡಿ ಹಚ್ಚಿದ. ಆಗ ನನ್ನ ಧ್ವನಿ ಎಲ್ಲೋ ಒಡೆದಿರಬೇಕು. ಒಬ್ಬಾಕೆ, ನಡುವಯಸ್ಸಿನವಳು, ತಲೆಗೆ ಸುತ್ತಿದ ಬಟ್ಟೆ ಸರಿಮಾಡಿಕೊಳ್ಳುತ್ತಾ ನನ್ನನ್ನು ನೋಡಿ, "ಏನಾಗೈತಪ್ಪ ನಿಂಗೆ?" ಎಂದು ಕೇಳಿದಳು. ನಮ್ಮಪ್ಪ ಬ್ರೇಕಿಲ್ಲದ ಗಾಡಿಯಲ್ಲಿ ಹೋಗಿದ್ದಾರೆ, ಅವರಿಗೆ ಗೊತ್ತಿಲ್ಲ ಎಂದೆ. ಅಷ್ಟೆ ಹೇಳಿದ್ದು. ಆಕೆ ಡ್ರೈವರಿನ ಕಡೆ ತಿರುಗಿ ಹೊರಡು ಎಂದಳು. ಅವನು ಬೀಡಿ ಎಸೆದು ಹೊರಟ. ಇದ್ದದ್ದನ್ನು ಇದ್ದಂತೆ ಹೇಳಿದರೆ ಇಷ್ಟು ಬೇಗ ಕೆಲಸವಾಗುತ್ತದೆ ಎಂದು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ.

ನಾಲ್ಕೈದು ಮೈಲಿ ಹೋದ ಮೇಲೆ ಎದುರಿಗೆ ಸೈಕಲ್ಲಿನಲ್ಲಿ ಬರುತ್ತಿದ್ದವನನ್ನು ಡ್ರೈವರು ನಿಲ್ಲಿಸಿ, ಡಬ್ಬ ಕಟ್ಟಿಕೊಂಡ ಬೈಕು ಕಂಡೆಯಾ ಎಂದು ಕೇಳಿದ. ಕಂಡೆ ಎಂದ ಅವನು. ಇಳಿಜಾರಿನಲ್ಲಿ ಗಾಡಿ ಹೋಗುತ್ತಿತ್ತು, ಯಜಮಾನರು ಹ್ಯಾಂಡಲ್ಲು ಹಿಡಿದುಕೊಂಡು ಪಕ್ಕದಲ್ಲಿ ಓಡುತ್ತಿದ್ದರು ಎಂದ. ಓಡುವ ಗಾಡಿಯಿಂದ ಕೆಳಗೆ ಬಿದ್ದು, ಬಿಡಲಾಗದೆ ಹ್ಯಾಂಡಲ್ಲಿಗೆ ಜೋತು ಬಿದ್ದ ಅಪ್ಪ ನನ್ನ ಕಣ್ಣಿಗೆ ಕಂಡರು. ಅದರ ಪರವಾಗಿ ಎಲ್ಲ ಅಂಶಗಳೂ ಇದ್ದವು. ವಿರುದ್ಧವಾಗಿ ಒಂದಾದರೂ ಸಿಗಲಿ ಎಂದು ಹುಡುಕುತ್ತಿದ್ದೆ, ಸಿಗಲಿಲ್ಲ.

ಮುಂದಿನ ತಿರುವಿನಲ್ಲಿ, ಇಳಿಜಾರಿನ ನಡುವೆ, ನಮ್ಮ ಬೈಕು ತೋಟದ ಬೇಲಿಗೆ ಒರಗಿ ನಿಂತಿತ್ತು. ಹೊಗೆ ಡಬ್ಬ ನೆಲದ ಮೇಲಿತ್ತು. ಅದರ ಪಕ್ಕದಲ್ಲಿ, ರಸ್ತೆಯ ಅಂಚಿನಲ್ಲಿ, ಅಪ್ಪನ ಒಂದು ಶೂ. ಒಂದೇ. ಜೀಪು ನಿಲ್ಲುವ ಮೊದಲೇ ಹಾರಿದೆ. ಮಂಡಿ ತರಚಿದ್ದು ಆಮೇಲೆ ಗೊತ್ತಾಯಿತು. ಅಪ್ಪಾ ಎಂದು ಕೂಗಿದೆನಂತೆ. ಎಸ್ಟೇಟಿನ ಹೆಂಗಸರು ಆಮೇಲೆ ಹೇಳಿದ್ದು.

"ಯಾಕೋ ಕೂಗ್ತಿ? ಇಲ್ಲೇ ಇದ್ದೀನಿ."

ಮೋರಿಯ ಆಚೆ ಬದಿಯ ಕಟ್ಟೆಯ ಮೇಲೆ ಅಪ್ಪ ಒಂದು ಕಾಲನ್ನು ಇನ್ನೊಂದರ ಮೇಲೆ ಹಾಕಿ ಕೂತು, ಕಾಲುಚೀಲಕ್ಕೆ ಹೊಕ್ಕಿದ್ದ ಕಲ್ಲು ತೆಗೆಯುತ್ತಿದ್ದರು. ಮೈಮೇಲೆ ಒಂದು ಗೀರೂ ಇರಲಿಲ್ಲ. ಹಣೆಯಲ್ಲಿ ಬೆವರು ಮಾತ್ರ. ನಾನು ನಿಂತಲ್ಲೇ ರಸ್ತೆಯ ಮೇಲೆ ಕುಕ್ಕರಿಸಿದೆ. ಜೀಪಿನಲ್ಲಿದ್ದ ಆಕೆ ಇಳಿದು ಬಂದು, ಅಪ್ಪನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಚೆನ್ನಾಗೇ ಅವ್ರಲ್ಲ ಎಂದು ನನ್ನನ್ನು ಒಂದು ಥರ ನೋಡಿ ಹತ್ತಿಕೊಂಡಳು. ಜೀಪು ಹೋಯಿತು. ಹೋಗುವಾಗ ಒಳಗೆ ನಗು ಕೇಳಿಸಿತು.

ಬ್ರೇಕು, ಎಂದೆ ನಾನು.

"ಗೊತ್ತು" ಎಂದರು ಅಪ್ಪ.

ಹೇಗೆ ಎಂದು ಕೇಳಿದೆ. ಅವರು ಕಾಲುಚೀಲ ಕೊಡವಿದರು. "ರಾತ್ರಿ ಎಂಜಿನ್ ಹೆಂಗಿದೆ ಅಂದ್ರೆ ಎರಡು ಮಾತು ಹೇಳ್ದೆ. ಬ್ರೇಕ್ ಹೆಂಗಿದೆ ಅಂದ್ರೆ ಇಪ್ಪತ್ತು ನಿಮಿಷ ಮಾತಾಡ್ದೆ. ನಾನು ಮೂವತ್ತು ವರ್ಷದಿಂದ ಹಸ ಮಾರೋರ್ನ ನೋಡ್ತಿದೀನಿ ಕಣೋ. ಯಾವನು ಕೆಚ್ಚಲ ಬಗ್ಗೆ ಜಾಸ್ತಿ ಮಾತಾಡ್ತಾನೋ, ನಾನು ಮೊದ್ಲು ಅಲ್ಲೇ ಕೈ ಇಟ್ಟು ನೋಡೋದು." ಬೆಳಿಗ್ಗೆ ಹೊರಡುವ ಮೊದಲು ನಮ್ಮ ಬೀದಿಯಲ್ಲೇ ನಾಲ್ಕು ಸಲ ಓಡಿಸಿ, ನಿಲ್ಲಿಸಿ ಪರೀಕ್ಷಿಸಿದ್ದರಂತೆ. ನಾನು ಆಗ ಗಾಢ ನಿದ್ರೆಯಲ್ಲಿದ್ದೆ.

ಹಾಗಾದರೆ ಗೊತ್ತಿದ್ದೂ ಯಾಕೆ ತಂದಿರಿ ಎಂದೆ. ಹಸು ಕಾಯುವುದಿಲ್ಲವಲ್ಲ ಎಂದರು. ಏರಿನಲ್ಲಿ, ಸಮತಟ್ಟಿನಲ್ಲಿ ಓಡಿಸಿಕೊಂಡು ಬಂದರಂತೆ. ಇಳಿಜಾರು ಬಂದ ಕಡೆಯೆಲ್ಲ ಎಂಜಿನ್ ಆರಿಸಿ, ಇಳಿದು, ಗಾಡಿಯನ್ನು ಕೈಯಲ್ಲಿ ಹಿಡಿದು ನಡೆಸಿಕೊಂಡು ಬಂದರಂತೆ. ಒಂದು ಕಡೆ ಅದು ಎಳೆದುಕೊಂಡು ಹೋದದ್ದರಿಂದ ಜೊತೆಗೆ ಓಡಬೇಕಾಯಿತು, ಶೂ ಒಳಗೆ ಕಲ್ಲು ಸೇರಿತು. "ಇಷ್ಟು ವರ್ಷ ಏರಲ್ಲಿ ತಳ್ಳುತಿದ್ದೆ. ಈಗ ಇಳಿಜಾರಲ್ಲಿ ಹಿಡ್ಕೋತೀನಿ. ನಡೆಯೋ ದೂರ ಅಷ್ಟೇ ಬೀಳುತ್ತೆ. ಲೆಕ್ಕ ಹಾಕಿದೀನಿ." ಜೇಬಿನಿಂದ ನಂಜಮ್ಮ ಹೇಳಿದ ಇಳಿಜಾರುಗಳ ಚೀಟಿ ತೆಗೆದು ತೋರಿಸಿದರು.

ನಾನು ಚೀಟಿ ನೋಡಲಿಲ್ಲ. ರಾತ್ರಿಯೇ ಗೊತ್ತಾಗಿದ್ದರೆ ನನ್ನನ್ನು ಅಲ್ಲೇ ಯಾಕೆ ಕೇಳಲಿಲ್ಲ, ಯಾಕೆ ಸರಿ ಎಂದು ಎದ್ದು ಹೋದಿರಿ ಎಂದೆ. ಅಪ್ಪ ಶೂ ಹಾಕಿಕೊಂಡು, ಲೇಸು ಕಟ್ಟಿ, ಎದ್ದು ನಿಂತು, ನನ್ನನ್ನು ನೋಡದೆಯೇ ಹೇಳಿದರು.

"ನೀನೇ ಹೇಳ್ತೀಯೇನೋ ಅಂತ ನೋಡ್ದೆ."

ಇಷ್ಟು ವರ್ಷದಲ್ಲಿ ನಾನು ಬಾಯಿ ಮುಚ್ಚಿಸಿದವರೆಲ್ಲ ಹೀಗೆಯೇ ಕಾಯುತ್ತಿದ್ದರೇನೋ ಎಂದು ಮೊದಲ ಸಲ ಅನುಮಾನ ಬಂತು. ಸಂದೇಹವಾದಿಗೆ ಬರಬೇಕಾದ ಅನುಮಾನವೇ, ಸ್ವಲ್ಪ ತಡವಾಗಿ. ರುದ್ರಣ್ಣ ಹೇಳಿದ್ದ, ನಾನು ಮುಚ್ಚಿಟ್ಟೆ, ತಪ್ಪು ನನ್ನದು ಎಂದೆ. ಅಷ್ಟು ಚಿಕ್ಕ ಭಾಷಣವನ್ನು ನಾನು ಹಿಂದೆಂದೂ ಮಾಡಿರಲಿಲ್ಲ. ಅಪ್ಪ ಹೂಂ ಎಂದು, ಡಬ್ಬವನ್ನು ಮತ್ತೆ ಕಟ್ಟಿ, ಹ್ಯಾಂಡಲ್ಲನ್ನು ನನ್ನ ಕೈಗೆ ಕೊಟ್ಟು, ತಾವು ಹಿಂದಿನಿಂದ ಕ್ಯಾರಿಯರು ಹಿಡಿದರು. ಉಳಿದ ಇಳಿಜಾರನ್ನು ಇಬ್ಬರೂ ಹಾಗೆ ಇಳಿದೆವು. ಗಾಡಿ ಮುಂದೆ ಎಳೆಯುತ್ತಿತ್ತು, ಅಪ್ಪ ಹಿಂದೆ ಎಳೆಯುತ್ತಿದ್ದರು, ನಡುವೆ ನನ್ನ ಮಂಡಿ ಉರಿಯುತ್ತಿತ್ತು.

ಇಳಿಜಾರು ಮುಗಿದು ಏರು ಶುರುವಾಗುವ ಹೊತ್ತಿಗೆ ನನಗೆ ಉಸಿರು ಪೂರ್ತಿ ವಾಪಸು ಬಂದಿತ್ತು. ಉಸಿರಿನ ಜೊತೆಯಲ್ಲಿ, ಹೇಳಲು ನಾಚಿಕೆಯಾಗುತ್ತದೆ, ಮೂರು ಅಂಶಗಳೂ ಬಂದಿದ್ದವು. ಒಂದು, ಗೊತ್ತಿದ್ದೂ ಗಾಡಿ ತಂದವರಿಗೆ ತಪ್ಪಿನಲ್ಲಿ ಪಾಲಿದೆ. ಎರಡು, ಮಗನನ್ನು ಪರೀಕ್ಷೆಗೆ ಒಡ್ಡುವುದು ಒಂದು ರೀತಿಯ ಮುಚ್ಚುಮರೆಯೇ. ಮೂರು, ಏನೇ ಆದರೂ ಎಂಜಿನ್ ಬದಲಾಯಿಸಿದ ತೀರ್ಮಾನ ಸರಿಯಾಗಿತ್ತು. ಗಂಟಲು ಸರಿಮಾಡಿಕೊಂಡು ಮೊದಲನೆಯದನ್ನು ಎತ್ತಿಕೊಂಡೆ. ಅಪ್ಪ ಸೀಟಿನ ಮೇಲೆ ಕೂತು ಕಿಕ್ ಹೊಡೆದರು. ಎಂಜಿನ್ ಒಂದೇ ಏಟಿಗೆ ಎದ್ದು ಗುಡುಗಿತು. ನಾನು ಹಿಂದೆ ಹತ್ತಲು ಹೋದೆ.

"ನೀನು ನಡ್ಕೊಂಡು ಬಾ" ಎಂದರು. "ಡಬ್ಬದ ಜೊತೆ ಇಬ್ರು ಕೂತ್ರೆ ಆ ಬ್ರೇಕ್ ತಡೆಯಲ್ಲ."

ನೀಲಿ ಹೊಗೆ ಬಿಟ್ಟುಕೊಂಡು ಬೈಕು ಏರು ಹತ್ತಿ ತಿರುವಿನಲ್ಲಿ ಮರೆಯಾಯಿತು. ನಾನು ಆಗ ಮೊದಲನೆಯ ಅಂಶದ ಅರ್ಧದಲ್ಲಿದ್ದೆ. ಬಿಕ್ಕೋಡಿಗೆ ಇನ್ನೂ ಮೂರು ಕಿಲೋಮೀಟರು. ಕುಂಟುತ್ತಾ ನಡೆದೆ. ನಡೆಯುತ್ತಾ ಉಳಿದ ಎರಡೂವರೆ ಅಂಶಗಳನ್ನು ಎರಡೂ ಬದಿಯ ಕಾಫಿ ಗಿಡಗಳ ಮುಂದೆ ಸಾಂಗವಾಗಿ ಮಂಡಿಸಿದೆ. ವಿರೋಧ ಪಕ್ಷದಲ್ಲಿ ಯಾರೂ ಇರಲಿಲ್ಲ, ಎಚ್ಚರಿಕೆಯ ಗಂಟೆಯೂ ಇರಲಿಲ್ಲ. ಇಷ್ಟಾದರೂ ಪ್ರಾಮಾಣಿಕವಾಗಿ ತೀರ್ಪು ಹೇಳಬೇಕೆಂದರೆ, ಆ ಸ್ಪರ್ಧೆಯಲ್ಲಿ ನನಗೆ ಬಂದದ್ದು ಸಮಾಧಾನಕರ ಬಹುಮಾನ.